ತುಂಬಿದ ಟ್ಯಾಂಕು

ತುಡಿಯಲೂರಿನ ನೇಕಾರರ ಬೀದಿಯಲ್ಲಿ, ಕಣ್ಣಮ್ಮನ ಮನೆಯಲ್ಲಿ ಅಕ್ಕಿ ಎಂದೂ ಮುಗಿಯುತ್ತಿರಲಿಲ್ಲ. ಸಿರಿವಂತರ ಮನೆ ಎಂದಲ್ಲ. ಮುಗಿಯಿತು ಎನ್ನುವ ಮಾತನ್ನು ಅಲ್ಲಿ ಯಾರೂ ಆಡಬಾರದಿತ್ತು, ಅಷ್ಟೆ. ಮಡಕೆಯ ತಳ ಕಂಡಾಗ ಸೊಸೆಯರು ‘ಅಕ್ಕಿ ತುಂಬಿದೆ ಅತ್ತೆ’ ಎನ್ನಬೇಕು. ಆಗ ಕಣ್ಣಮ್ಮ ಸೆರಗಿನ ಗಂಟು ಬಿಚ್ಚಿ ಕಾಸು ಕೊಡುತ್ತಿದ್ದಳು. ಉಪ್ಪು ಹೀಗೆಯೇ ತುಂಬುತ್ತಿತ್ತು, ದೀಪದೆಣ್ಣೆ ತುಂಬುತ್ತಿತ್ತು, ಹುರುಳಿ ತುಂಬುತ್ತಿತ್ತು. ‘ತಿಂಗಳ ಕೊನೆಗೆ ನಮ್ಮನೆ ಹಂಗೆ ತುಂಬಿ ತುಳುಕೋ ಮನೆ ಈ ಜಿಲ್ಲೇಲೇ ಇಲ್ಲ’ ಎಂದು ಕಿರಿಮಗ ದೊರೈಸಾಮಿ ನಗಾಡುತ್ತಿದ್ದ.

ಪೈಕಾರಾ ಜಲಪಾತದ ಕರೆಂಟು ಕೋಯಮತ್ತೂರಿಗೆ ಬಂದು ಮೂರು ನಾಲ್ಕು ವರ್ಷವಾಗಿತ್ತು. ಅದು ತುಡಿಯಲೂರಿನ ಈ ಬೀದಿಗೆ ಇನ್ನೂ ತಿರುಗಿರಲಿಲ್ಲ. ಆ ವರ್ಷ ಮಳೆಗಾಲ ಹಿಡಿಯುವ ಆನಿ ತಿಂಗಳ ಒಂದು ಸಂಜೆ ದೊರೈಸಾಮಿ ಪೇಟೆಯಿಂದ ಬಂದವನೇ ಕಾಲು ತೊಳೆಯದೆ ಊಟಕ್ಕೆ ಕುಳಿತ. ಅವನ ಹೆಂಡತಿ ಜಾನಕಿಯಮ್ಮ ಸಜ್ಜೆ ಅನ್ನಕ್ಕೆ ಹುರುಳಿ ಸಾರು ಬಡಿಸಿದಳು.

"ಎರಡು ಮಗ್ಗದ ಕೆಲಸ ಸಿಕ್ಕಿದೆ. ಕರೇ ಅಂಚಿನ ಸೀರೆ. ದೀಪಾವಳಿವರೆಗೂ ನೂಲು ಕೊಡ್ತೀನಿ ಅಂದ್ರು ಯಜಮಾನ್ರು" ಎಂದ ದೊರೈಸಾಮಿ.

"ನಮ್ಗೆ ಇರೋದು ಒಂದು ಮಗ್ಗ" ಎಂದಳು ಜಾನಕಿಯಮ್ಮ.

"ಅಣ್ಣನ ಮಗ್ಗ ಮೇಲೆ ಕಟ್ಟಿಟ್ಟಿದೆಯಲ್ಲ. ಇಳಿಸಿದ್ರೆ ಆಯ್ತು. ನಂಜಪ್ಪನ್ನ ಕೂಲಿಗೆ ಕೂರಿಸೋಣಾಂತ."

ಮೂಲೆಯಲ್ಲಿ ರಾಟೆಯ ಮುಂದೆ ಕುಳಿತಿದ್ದ ರಾಮಾತಾಳ್ ಕೈ ನಿಲ್ಲಿಸಿದಳು. ಅವಳು ಕಣ್ಣಮ್ಮನ ಹಿರಿಯ ಸೊಸೆ. ಗಂಡ ಲಿಂಗಪ್ಪನ್ ವಾಂತಿಭೇದಿಯಲ್ಲಿ ತೀರಿಕೊಂಡು ಎಂಟು ವರ್ಷ. ಅಂದಿನಿಂದ ಮೈದುನನ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು ಅವಳ ಕೆಲಸ. ನೇಯ್ದವನಿಗೆ ಕೂಲಿ ಬರುತ್ತದೆ, ಲಾಳಿಯೊಳಗಿನ ನೂಲು ಸುತ್ತಿಕೊಟ್ಟವರಿಗೆ ಊಟ ಬರುತ್ತದೆ. ಊಟಕ್ಕೆ ಯಾರೂ ಕಡಿಮೆ ಮಾಡಿರಲಿಲ್ಲ, ಅದನ್ನೂ ಹೇಳಬೇಕು. ಆದರೆ ಒಂದು ರವಿಕೆ ಬೇಕಿದ್ದರೂ ಅವಳು ಕೇಳಿಯೇ ಪಡೆಯಬೇಕಿತ್ತು.

"ಆ ಮಗ್ಗಕ್ಕೆ ನಾನೇ ಕೂತ್ಕೋತೀನಿ" ಎಂದಳು ರಾಮಾತಾಳ್.

ದೊರೈಸಾಮಿಯ ತುತ್ತು ಬಾಯ ಹತ್ತಿರ ನಿಂತಿತು. "ನೀವಾ, ಅತ್ತಿಗೆ?"

"ವೆಳ್ಳಕೋಯಿಲ್‌ನಲ್ಲಿ ನಮ್ಮಪ್ಪ ನನ್ನನ್ನ ಮಗ್ಗದ ಗುಂಡಿಗೆ ಇಳಿಸಿರ್ಲಿಲ್ವಾ? ತಮ್ಮ ದಂಡಪಾಣಿ ಚಿಕ್ಕೋನು, ಕಾಲು ಎಟುಕ್ತಿರ್ಲಿಲ್ಲ ಅವನಿಗೆ. ಮದ್ವೆ ಆಗೋವರ್ಗೂ ನೇಯ್ದಿದ್ದೀನಿ."

"ನೀನು ಗುಂಡಿಗಿಳಿದ್ರೆ ಕಂಡಿಕೆ ಸುತ್ತೋರು ಯಾರು ಅಕ್ಕಾ?" ಎಂದಳು ಜಾನಕಿಯಮ್ಮ. ಉತ್ತರ ಅವಳಿಗೆ ಗೊತ್ತಿತ್ತು. ಅವಳು ಸಾರಿನ ಸೌಟನ್ನು ಪಾತ್ರೆಗೆ ಹಾಕಿದ ಸದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

"ಮೊದ್ಲು ಆ ಗುಂಡಿ ಮೇಲೆ ಏನಿದೆ ನೋಡಿ ಮಾತಾಡಿ" ಎಂದಳು ಕಣ್ಣಮ್ಮ.

ಎಲ್ಲರೂ ಆ ಕಡೆ ನೋಡಿದರು. ಮಗ್ಗದ ಕೋಣೆಯ ಬಡಗಣ ಗೋಡೆಗೆ ಒರಗಿ ಲಿಂಗಪ್ಪನ್‌ನ ಮೋಟಾರ್ ಸೈಕಲ್ಲು ನಿಂತಿತ್ತು. ಅವನು ನೇಯ್ಗೆ ಬಿಟ್ಟು ಮಿಲ್ಲಿನ ವರ್ಕ್‌ಶಾಪಿಗೆ ಸೇರಿದಾಗ ತನ್ನ ಮಗ್ಗವನ್ನು ಬಿಚ್ಚಿ ಅಟ್ಟಕ್ಕೆ ಕಟ್ಟಿದ್ದ. ಮೇಟ್ಟುಪಾಳೆಯದಲ್ಲಿ ಯಾವನೋ ಎಸ್ಟೇಟು ದೊರೆ ಊರಿಗೆ ಹೊರಟಾಗ ಏಲಂ ಹಾಕಿದ ವಂಡಿ ಅದು. ಕೆಟ್ಟು ನಿಂತಿದ್ದನ್ನು ಕೊಂಡು, ತಾನೇ ರಿಪೇರಿ ಮಾಡಿ, ಒಂದು ಸಂಜೆ ಬೀದಿಯ ನಾಯಿಗಳನ್ನೆಲ್ಲ ಎಬ್ಬಿಸುತ್ತ ಓಡಿಸಿಕೊಂಡು ಬಂದು, ನೇಯುವವನು ಕಾಲು ಇಳಿಬಿಡುವ ಮಗ್ಗದ ಗುಂಡಿಗೆ ಹಲಗೆ ಮುಚ್ಚಿ ಅದರ ಮೇಲೆ ನಿಲ್ಲಿಸಿದ್ದ. ಬೀದಿಯವರು ಅದನ್ನು ಪಟಪಟಿ ಎನ್ನುತ್ತಿದ್ದರು. ಅದು ಅಲ್ಲಿಂದ ಕದಲಿ ಎಂಟು ವರ್ಷವಾಗಿತ್ತು.

"ನಾಲ್ಕು ಆಳು ಹಿಡಿದ್ರೆ ಆಚೆಗೆ ಹೋಗ್ತದೆ" ಎಂದ ದೊರೈಸಾಮಿ.

"ನನ್ ಮಗನ್ನೂ ನಾಲ್ಕು ಜನ ಹೊತ್ಕೊಂಡೇ ಈ ಬಾಗಿಲಿಂದ ಹೋದ್ರು" ಎಂದಳು ಕಣ್ಣಮ್ಮ. "ಅವನ ವಂಡಿ ಹಂಗೆ ಹೋಗೋದು ಬೇಡ."

"ಸೆರಿ, ತಳ್ತೀವಿ."

"ತಳ್ಳೋದು ಅಂದ್ರೆ ಆಚೆಗೆ ಹಾಕೋದು. ತಾನಾಗಿ ಬಂದಿದ್ದು ತಾನಾಗಿ ಹೋಗ್ಬೇಕು. ಸದ್ದು ಮಾಡ್ಕೊಂಡು ಬಂತು, ಸದ್ದು ಮಾಡ್ಕೊಂಡು ಹೋಗ್ಲಿ."

"ಎಂಟು ವರ್ಷ ನಿಂತ ವಂಡಿ ತಾನಾಗಿ ಹೋಗ್ತದಾ ಅವ್ವಾ? ನಿಂಗೆ ಏನಾದ್ರೂ..."

"ಹೋಗಲ್ಲಾಂದ್ರೆ ಇರ್ಲಿ. ಅದೇನು ನಿನ್ ಹತ್ರ ಕೂಳು ಕೇಳಿತ್ತಾ?"

ದೊರೈಸಾಮಿ ಕೈ ತೊಳೆದು ಬಂದು, ಬಾಗಿಲ ಚೌಕಟ್ಟು ಹಿಡಿದು ನಿಂತು, ಅತ್ತಿಗೆಯ ಮುಖ ನೋಡದೆ ಹೇಳಿದ: "ಆಡಿ ಅಮಾವಾಸ್ಯೆವರ್ಗೂ ನೋಡ್ತೀನಿ, ಇನ್ನೂ ನಾಲ್ಕು ವಾರ ಇದೆ. ಅಷ್ಟರಲ್ಲಿ ವಂಡಿ ಹೋದ್ರೆ ಆ ಗುಂಡಿ ನಿಮ್ದು ಅತ್ತಿಗೆ, ಕೂಲೀನೂ ನಿಮ್ದೇ. ಹೋಗ್ಲಿಲ್ಲ ಅಂದ್ರೆ ಜಗುಲೀಲಿ ಹೊಸ ಗುಂಡಿ ತೋಡಿ ನಂಜಪ್ಪನ್ನ ಕೂರಿಸ್ತೀನಿ. ಆಮೇಲೆ ಯಾರೂ ನನ್ನ ಕೇಳ್ಬಾರ್ದು."

ಮಾರನೆಯ ದಿನ ರಾಮಾತಾಳ್ ಕೋಯಮತ್ತೂರು ಬಸ್ಸಿನವನ ಕೈಲಿ ತಮ್ಮನಿಗೆ ಹೇಳಿಕಳಿಸಿದಳು.

ದಂಡಪಾಣಿ ಶನಿವಾರ ಬಂದ. ವೆಳ್ಳಕೋಯಿಲ್‌ನಿಂದ ಕಾಂಗೇಯದ ದಾರಿಯಾಗಿ ಕೋಯಮತ್ತೂರಿಗೆ ಓಡುವ ಒಂದು ಬಸ್ಸಿಗೆ ಅವನು ಮೆಕ್ಯಾನಿಕ್ಕು. ಶನಿವಾರ ಅವನಿಗೆ ಬಿಡುವು. ಚಪ್ಪಲಿ ಬಿಡುವ ಮೊದಲೇ ವಂಡಿಯ ಮೇಲೆ ಹೊದಿಸಿದ್ದ ಹಳೆಯ ಪಂಚೆಯನ್ನು ಎಳೆದ. ಜೇಡರ ಬಲೆ, ಗುಬ್ಬಿಯ ಹಿಕ್ಕೆ, ಹ್ಯಾಂಡಲಿನ ಮೇಲೆ ಎಂಟು ಆಯುಧಪೂಜೆಯ ಗಂಧ ಕುಂಕುಮ ಗಟ್ಟಿಯಾಗಿ ಕೂತಿತ್ತು.

"ಅಡೇಯಪ್ಪಾ! ಇದು ವಂಡಿನಾ ಮಾರಿಯಮ್ಮನಾ?" ಎಂದ.

"ನಾಲಗೆ ಬಿಗಿ ಹಿಡಿ" ಎಂದಳು ಅಕ್ಕ.

ಅವನು ಕಿಕ್ಕರನ್ನು ಕಾಲಿನಿಂದ ಒತ್ತಿದ. ಅದು ಅಲ್ಲಾಡಲಿಲ್ಲ. ಎರಡೂ ಟೈರು ಹಳೇ ರೊಟ್ಟಿಯಂತೆ ಬಿರುಕು ಬಿಟ್ಟಿದ್ದವು. ಹ್ಯಾಂಡಲು ಹಿಡಿದು ವಂಡಿಯನ್ನು ಆಚೀಚೆ ಒಲೆದಾಗ ಟ್ಯಾಂಕಿನೊಳಗೆ ಸರಸರ ಎಂದಿತು.

"ಒಳಗೆ ತುಕ್ಕು ಉದುರಿದೆ. ಅತ್ತೇ, ಈ ಟ್ಯಾಂಕಲ್ಲಿ ಏನಾದ್ರೂ ಇದೆಯಾ?"

ಕಣ್ಣಮ್ಮ ಹಗ್ಗದ ಮಂಚದ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದಳು. "ತುಂಬಿದೆ" ಎಂದಳು.

ದಂಡಪಾಣಿ ಖುಷಿಯಿಂದ ಮುಚ್ಚಳಕ್ಕೆ ಕೈ ಹಾಕುವುದರಲ್ಲಿದ್ದ. ರಾಮಾತಾಳ್ ಅವನ ಮೊಣಕೈ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದಳು: "ಖಾಲಿ ಅಂತ ಅರ್ಥ. ಇಲ್ಲಿ ಹಂಗೇ ಹೇಳೋದು."

"ಓ, ಹಂಗಾ. ಸೆರಿ ಸೆರಿ." ಅವನು ಮುಚ್ಚಳದ ಕಡೆ ಮತ್ತೆ ನೋಡಲಿಲ್ಲ. ಖಾಲಿ ಟ್ಯಾಂಕಿನಲ್ಲಿ ನೋಡುವುದೇನಿದೆ?

ಸ್ಪಾನರಿನಿಂದ ಪ್ಲಗ್ಗು ಬಿಚ್ಚಿ, ಆ ತೂತಿನಲ್ಲಿ ಸೀಮೆಎಣ್ಣೆಯನ್ನೂ ಹರಳೆಣ್ಣೆಯನ್ನೂ ಬೆರೆಸಿ ಸುರಿದ.

"ಇದ್ರೊಳಗೆ ಒಂದು ಉಂಡೆ ಮೇಲೆ ಕೆಳಗೆ ಓಡಾಡ್ಬೇಕು ಅಕ್ಕಾ, ಪಿಸ್ಟನ್ನು ಅಂತ. ಅದು ಕಚ್ಕೊಂಡಿದೆ. ಬಲ ಹಾಕಿದ್ರೆ ಮುರೀತದೆ. ದಿನಾ ಸ್ವಲ್ಪ ಎಣ್ಣೆ ಬಿಡು. ಕಿಕ್ಕರನ್ನ ಕೈಯಲ್ಲೇ ಮೆಲ್ಲಗೆ ಒತ್ತು, ಬಿಡು. ಮುಂದಿನ ಶನಿವಾರ ನೋಡೋಣ."

"ಮಳೆಗಾಲದಲ್ಲಿ ಲಾಳಿ ಊದ್ಕೊಂಡು ನಿಲ್ಲಲ್ವಾ, ಹಂಗೆ."

"ಹಂಗೇ ಅಂತಿಟ್ಕೋ."

ಆ ವಾರ ಮನೆಯ ಹರಳೆಣ್ಣೆ ಬೇಗ ‘ತುಂಬಿತು’. ಜಾನಕಿಯಮ್ಮ ಬರಿಯ ಕುಡಿಕೆಯನ್ನು ಎಲ್ಲರಿಗೂ ಕಾಣುವಂತೆ ಹೊಸ್ತಿಲ ಪಕ್ಕ ಇಟ್ಟಳು. ರಾಮಾತಾಳ್ ಬೆಳಗಿನ ಕಂಡಿಕೆ ಮುಗಿಸಿ ಒಮ್ಮೆ, ಮಧ್ಯಾಹ್ನದ ಪಾತ್ರೆ ತೊಳೆದು ಒಮ್ಮೆ ವಂಡಿಯ ಹತ್ತಿರ ಹೋಗಿ ಕೂರುತ್ತಿದ್ದಳು. ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ನೋಡುತ್ತಿದ್ದಳು. ಗಂಡ ಬದುಕಿದ್ದಾಗ ಇದನ್ನು ಮುಟ್ಟಲು ಅವಳಿಗೆ ಬಿಡುವಿರಲಿಲ್ಲ. ಅವನೂ ಕರೆದಿರಲಿಲ್ಲ.

ಗುರುವಾರ ಮಧ್ಯಾಹ್ನ ಅವಳ ಕೈಕೆಳಗೆ ಕಿಕ್ಕರು ಒಂದು ಬೆರಳಿನಷ್ಟು ಇಳಿಯಿತು. ಒಳಗೆ ಏನೋ ನಿಟ್ಟುಸಿರಿಟ್ಟಂತಾಯಿತು.

"ಅತ್ತೇ! ಅಲ್ಲಾಡ್ತು!"

ಕಣ್ಣಮ್ಮ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. ಮಂಚದಿಂದ ಇಳಿದು ಬಂದು, ಸೊಸೆಯ ಕೈಯ ಪಕ್ಕ ತನ್ನ ಕೈಯಿಟ್ಟು ಒತ್ತಿ ನೋಡಿದಳು. "ಹೂಂ" ಎಂದಳು. ಮತ್ತೆ ಹೋಗಿ ಕುಳಿತಳು. ಆದರೆ ಮಂಚವನ್ನು ಮಗ್ಗದ ಕೋಣೆಯ ಬಾಗಿಲ ಕಡೆಗೆ ತಿರುಗಿಸಿಕೊಂಡಳು.

ಎರಡನೆಯ ಶನಿವಾರ ಟೈರಿನ ಜಗಳ. ದಂಡಪಾಣಿ ತಂದಿದ್ದ ಹಳೆಯ ಟ್ಯೂಬು ಎರಡು ಕಡೆ ಒಡೆಯಿತು. "ಟ್ಯೂಬಿಲ್ದೆ ಓಡಲ್ಲ. ಹೊಸದು ಮದರಾಸಿಂದ ಬರ್ಬೇಕು" ಎಂದ.

"ಹುಲ್ಲು ತುರುಕಿ" ಎಂದ ದೊರೈಸಾಮಿ ಮಗ್ಗದಿಂದ. ಅವನು ನೇಯುತ್ತಲೇ ಒಂದು ಕಣ್ಣು ಇಲ್ಲಿಟ್ಟಿದ್ದ.

"ಹುಲ್ಲು ಪುಡಿಯಾಗ್ತದೆ ಮಚ್ಚಾನ್" ಎಂದು ದಂಡಪಾಣಿ ಭಾವನಿಗೆ ಹೇಳಿದ.

ರಾಮಾತಾಳ್ ಒಳಗೆ ಹೋಗಿ ಎರಡು ಗೋಣಿಚೀಲ ಎಳೆದುಕೊಂಡು ಬಂದಳು. ಮಗ್ಗದಿಂದ ಸೀರೆ ಕತ್ತರಿಸಿದಾಗ ಉಳಿಯುವ ಹಾಸಿನ, ಅಂದರೆ ಉದ್ದೆಳೆಯ, ತುಂಡುನೂಲು. ದೀಪದ ಬತ್ತಿಗೆ, ದಿಂಬಿಗೆ ಆಗುತ್ತದೆ ಎಂದು ಅವಳು ವರ್ಷಗಳಿಂದ ಕೂಡಿಟ್ಟಿದ್ದಳು. ಅದನ್ನು ಒದ್ದೆ ಮಾಡಿ, ಗಟ್ಟಿ ಹೊಸೆದು ಹಗ್ಗ ಮಾಡಿ, ಟೈರಿನೊಳಗೆ ಸುತ್ತು ಸುತ್ತಾಗಿ ತುರುಕಿದರು. ದಂಡಪಾಣಿ ಸುತ್ತಿಗೆಯ ಹಿಡಿಯಿಂದ ಒತ್ತಿದ. ಜಾನಕಿಯಮ್ಮ ಸುಮ್ಮನೆ ನೋಡುತ್ತಿದ್ದವಳು ತಡೆಯಲಾರದೆ ಬಂದು ನೂಲಿನ ಒಂದು ಕೊನೆ ಹಿಡಿದಳು.

"ಹಸುಗೂಸಿನ ತೊಡೆ ಹಂಗಿದೆ ನೋಡು" ಎಂದಳು ಟೈರು ಹಿಸುಕಿ.

"ಆರೇಳು ಮೈಲಿ ತಡ್ಕೊಂಡ್ರೆ ಸಾಕು" ಎಂದ ದಂಡಪಾಣಿ. "ಅಕ್ಕಾವ್ರೇ, ಈ ತಂತಿ ಸ್ವಲ್ಪ ಹಿಡ್ಕೊಳ್ಳಿ."

ಜಾನಕಿಯಮ್ಮ ಹಿಡಿದುಕೊಂಡಳು. ಅವನು ಕಿಕ್ಕರು ಒದ್ದ. ಅವಳು ‘ಅಯ್ಯೋ ಸಾಮೀ’ ಎಂದು ಕೂಗಿ ನೂಲಿನ ಚೀಲದ ಮೇಲೆ ಕೂತುಬಿಟ್ಟಳು.

"ಕರೆಂಟು ಬರ್ತಿದೆ!" ಎಂದ ದಂಡಪಾಣಿ ಕುಣಿಯುತ್ತ. "ಪೈಕಾರಾ ಬೇಡ, ನಮ್ಮನೇಲೇ ಕರೆಂಟು!"

"ಹಾಳಾಗ್ ಹೋಗೋನೇ, ನಿನ್ ಅಕ್ಕನ ಕೈಗೆ ಕೊಡೋದಲ್ವಾ?"

ಕಣ್ಣಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಭುಜ ಅಲುಗುತ್ತಿತ್ತು. ಆ ರಾತ್ರಿ ಊಟಕ್ಕೆ ಜಾನಕಿಯಮ್ಮನೇ ಕಡಲೆಕಾಯಿ ಚಟ್ನಿ ಅರೆದು ದಂಡಪಾಣಿಗೆ ಎರಡು ಸಲ ಬಡಿಸಿದಳು. ಮನೆ ಒಂದಾಗಿದೆ ಎಂದು ರಾಮಾತಾಳ್‌ಗೆ ಅನಿಸಿದ್ದು ಆ ಒಂದು ವಾರ.

ಮೂರನೆಯ ಶನಿವಾರ ದಂಡಪಾಣಿ ಬಾಟಲಿಯಲ್ಲಿ ಪೆಟ್ರೋಲು ತಂದ. ಒಲೆ ಆರಿಸಿ, ದೀಪ ದೂರ ಇರಿಸಿ, ಕಿಟಕಿಯ ಅರೆಬೆಳಕಿನಲ್ಲಿ ಟ್ಯಾಂಕಿಗೆ ಆಲಿಕೆ ಇಟ್ಟು ಸುರಿದ. ನಲ್ಲಿ ತಿರುಗಿಸಿದರೆ ಹನಿಯೂ ಬರಲಿಲ್ಲ. ತಂತಿ ಹಾಕಿ ಕೆದಕಿದ ಮೇಲೆ ತೊಟ್ಟಿಕ್ಕಿತು.

ಕಿಕ್ಕರು ಒದ್ದ. ಒದ್ದ. ಬೆವರು ಒರೆಸಿಕೊಂಡು ಒದ್ದ.

ಢಬ್ ಎಂದಿತು. ಬೂದಿಬಣ್ಣದ ಹೊಗೆ ಒಂದು ಉಂಡೆ ಹೊರಗೆ ಬಂತು. ಪಟ್, ಪಟ್, ಪಟಪಟ... ಕೆಮ್ಮಿ ನಿಂತುಹೋಯಿತು.

ದಂಡಪಾಣಿ ಕಾರ್ಬರೇಟರಿನ ಕೆಳಗಿನ ಬಟ್ಟಲು ಬಿಚ್ಚಿದ. ಬಟ್ಟಲಿನ ತಳದಲ್ಲಿ ಬಿಳಿಯ ಕೆಸರು. ತೊಳೆದು ಹಾಕಿದ. ವಂಡಿ ಮತ್ತೆ ನಾಲ್ಕು ಸಲ ಪಟಪಟ ಎಂದು ಸತ್ತಿತು. ಮತ್ತೆ ಬಿಳಿಯ ಕೆಸರು. ಅದನ್ನು ಬೆರಳಿನಲ್ಲಿ ತಿಕ್ಕಿ ಮೂಸಿದ. "ತುಕ್ಕು ಕೆಂಪಗಿರ್ಬೇಕು. ಇದು ಹಿಟ್ಟು ಅಕ್ಕಾ."

"ಹಿಟ್ಟು?"

"ಯಾರೋ ಹಿಟ್ಟು ಹಾಕಿದ್ದಾರೆ."

ಆ ಮನೆಯಲ್ಲಿ ಹಿಟ್ಟು ಎಂದರೆ ಹಾಸಿನ ಎಳೆಗಳಿಗೆ ಹಚ್ಚುವ ಗಂಜಿಯ ಹಿಟ್ಟು. ಅದರ ಡಬ್ಬ ಜಾನಕಿಯಮ್ಮನ ಕೈಯಲ್ಲಿ. ರಾಮಾತಾಳ್ ಏನೂ ಯೋಚಿಸದೆ ಆ ಡಬ್ಬದ ಕಡೆ ನೋಡಿದಳು. ಅಷ್ಟೇ ಸಾಕಾಯಿತು.

"ಯಾಕಕ್ಕಾ ಅಲ್ಲಿ ನೋಡ್ತೀಯಾ?" ಎಂದಳು ಜಾನಕಿಯಮ್ಮ.

"ನಾನೇನೂ ಅನ್ಲಿಲ್ಲ."

"ಬಾಯಲ್ಲಿ ಅನ್ಲಿಲ್ಲ. ಕಂಡಿಕೆ ಸುತ್ತೋದು ನನ್ ತಲೆಗೆ ಬರ್ತದೆ ಅಂತ ನಾನು ಹಿಟ್ಟು ಹಾಕ್ದೆ, ಅದೇ ತಾನೇ?"

"ಹಾಕ್ಲಿಲ್ಲ ಅಂದ್ರೆ ಹಾಕ್ಲಿಲ್ಲ ಅನ್ನು. ಅದಕ್ಯಾಕೆ ಕೂಗ್ತೀಯಾ?"

"ನಾನು ಯಾಕೆ ಅನ್ಲಿ? ಕರೆಂಟು ಹೊಡೆಸ್ಕೊಂಡೋಳು ನಾನು, ನೂಲು ಹೊಸೆದೋಳು ನಾನು, ಈಗ ಕಳ್ಳೀನೂ ನಾನೇ!"

ದೊರೈಸಾಮಿ ಮಗ್ಗದಿಂದ ಎದ್ದು ಬಂದ. "ಅತ್ತಿಗೆ, ಈ ಮಾತು ಬೇಡ. ನನ್ ಹೆಂಡ್ತಿ ಒರಟು ಇರ್ಬಹುದು, ಕದ್ದು ಮಾಡೋಳಲ್ಲ. ಮನ್ಸಲ್ಲಿ ಹಂಗಿದ್ರೆ ಒಲೆ ಬೇರೆ ಮಾಡ್ಬಿಡೋಣ."

"ಒಲೆ ಬೇರೆ ಮಾಡೋ ಮಾತು ನಾನಿರೋವರ್ಗೂ ಬೇಡ" ಎಂದಳು ಕಣ್ಣಮ್ಮ. ಆದರೆ ಹಿಟ್ಟು ಎಲ್ಲಿಂದ ಬಂತು ಎಂದು ಅವಳು ಕೇಳಲಿಲ್ಲ. ಬಿಳಿಯ ಕೆಸರನ್ನು ನೋಡುವುದಕ್ಕೂ ಬರಲಿಲ್ಲ. ಅವಳಿಗೆ ಕಣ್ಣು ಮಂದವಾಗಿತ್ತು. ಜಗಳದಲ್ಲಿ ಅವಳಿಗೆ ಕೇಳಿಸಿದ್ದು ಗಂಜಿಯ ಹಿಟ್ಟಿನ ಮಾತು ಮಾತ್ರ.

ಆ ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಜಾನಕಿಯಮ್ಮ ಬಡಿಸಿ ಹೋಗುತ್ತಿದ್ದಳು, ರಾಮಾತಾಳ್ ಕೊನೆಗೆ ಒಬ್ಬಳೇ ಕೂತು ಉಣ್ಣುತ್ತಿದ್ದಳು. ‘ಉಪ್ಪು ತುಂಬಿದೆ’ ಎನ್ನುವುದನ್ನೂ ಇಬ್ಬರೂ ಗೋಡೆಗೆ ಹೇಳಿದಂತೆ ಹೇಳುತ್ತಿದ್ದರು. ಕಂಡಿಕೆ ಬುಟ್ಟಿಯನ್ನು ಮಗ್ಗದ ಪಕ್ಕ ಇಟ್ಟಾಗ ದೊರೈಸಾಮಿ ತಲೆ ಎತ್ತುತ್ತಿರಲಿಲ್ಲ. ಬುಧವಾರ ನಂಜಪ್ಪನ್ ಬಂದು ಜಗುಲಿಯನ್ನು ಮೊಳ ಹಾಕಿ ಅಳೆದು, ಗುಂಡಿ ಬರುವ ಜಾಗಕ್ಕೆ ಇದ್ದಿಲಿನಿಂದ ಗೆರೆ ಎಳೆದು ಹೋದ. ರಾಮಾತಾಳ್ ಬೆಳಿಗ್ಗೆ ಜಗುಲಿಯನ್ನು ಸಾರಿಸುವಾಗ ಆ ಗೆರೆಯ ಹತ್ತಿರ ಬಂದು ಕೈ ನಿಲ್ಲಿಸಿದಳು. ಅಳಿಸಲಿಲ್ಲ. ಗೆರೆಯನ್ನು ಬಿಟ್ಟು ಸುತ್ತ ಸಾರಿಸಿದಳು.

ನಾಲ್ಕನೆಯ ಶನಿವಾರವೇ ಆಡಿ ಅಮಾವಾಸ್ಯೆ. ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತದೆ. ಹಿರಿಯರಿಗೆ ಎಡೆ ಇಡಲು ಕಜ್ಜಾಯದ ಪಾಕ ಒಲೆಯ ಮೇಲಿತ್ತು. ದಂಡಪಾಣಿ ಬಂದವನೇ ಅಕ್ಕನ ಮುಖ ನೋಡಿ ಸ್ಪಾನರು ತೆಗೆದ. "ಇವತ್ತು ಟ್ಯಾಂಕನ್ನೇ ಬಿಚ್ತೀನಿ. ಹಿಟ್ಟು ಮೇಲಿಂದ ತಾನೇ ಇಳೀಬೇಕು? ಒಂದು ಮೊರ ಕೊಡಕ್ಕಾ" ಎಂದ.

ಟ್ಯಾಂಕು ಬಿಚ್ಚಿ, ಉಳಿದಿದ್ದ ಪೆಟ್ರೋಲನ್ನು ಹಿತ್ತಿಲಿನಲ್ಲಿ ಡಬ್ಬಕ್ಕೆ ಬಸಿದು, ಮೊರದ ಮೇಲೆ ಬೋರಲು ಹಾಕಿ ತಟ್ಟಿದ. ಮೊದಲು ಬಿಳಿಯ ಪುಡಿ ಬಂತು. ಆಮೇಲೆ ಸರಸರ ಎಂದು ಅಕ್ಕಿ ಸುರಿಯಿತು.

ನಿಲ್ಲಲೇ ಇಲ್ಲ. ಅಕ್ಕಿ, ಹುಳ ತಿಂದ ನುಚ್ಚು, ಸತ್ತ ಹುಳ, ಒಂದು ಅರಿಶಿನದ ಕೊಂಬು, ಹಸಿರುಗಟ್ಟಿದ ಒಂದು ತಾಮ್ರದ ಕಾಸು. ಮೊರದಲ್ಲಿ ಸಣ್ಣ ಗುಡ್ಡೆಯಾಯಿತು. ಜಾನಕಿಯಮ್ಮ ಕಜ್ಜಾಯದ ಸಟ್ಟುಗ ಹಿಡಿದೇ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ದೊರೈಸಾಮಿ ಅವಳ ಹಿಂದೆ ನಿಂತ.

"ಅಕ್ಕಿ!" ಎಂದ ದಂಡಪಾಣಿ. "ಟ್ಯಾಂಕಲ್ಲಿ ಅಕ್ಕಿ!"

ಕಣ್ಣಮ್ಮ ಗೋಡೆ ಹಿಡಿದುಕೊಂಡು ಬಂದಳು. ಮೊರದ ಮುಂದೆ ಕುಳಿತು ಬೆರಳಿನಿಂದ ಅಕ್ಕಿ ಸರಿಸಿ ಅರಿಶಿನದ ಕೊಂಬನ್ನು ಎತ್ತಿಕೊಂಡಳು. ಅವಳ ಮುಖದಲ್ಲಿ ಅಕ್ಕಿ ಕಂಡ ಆಶ್ಚರ್ಯವಿರಲಿಲ್ಲ. ಇಷ್ಟಕ್ಕೆಲ್ಲ ಯಾಕೆ ಹೀಗೆ ನಿಂತಿದ್ದಾರೆ ಎನ್ನುವ ಆಶ್ಚರ್ಯ ಮಾತ್ರ.

"ಯಾಕೆ ಎಲ್ಲಾ ಬಾಯಿ ಬಿಟ್ಕೊಂಡು ನಿಂತ್ರಿ? ಅವತ್ತೇ ಹೇಳ್ಲಿಲ್ವಾ ನಾನು?"

"ಏನು ಹೇಳಿದ್ರಿ ಅತ್ತೆ?" ಎಂದಳು ರಾಮಾತಾಳ್.

"ಏನಾದ್ರೂ ಇದೆಯಾ ಅಂತ ಈ ತಂಬಿ ಕೇಳ್ತು. ತುಂಬಿದೆ ಅಂದೆ."

"ನೀನು ತುಂಬಿದೆ ಅಂದ್ರೆ..." ದೊರೈಸಾಮಿ ತಡವರಿಸಿದ. "ಅವ್ವಾ, ನೀನು ತುಂಬಿದೆ ಅಂದ್ರೆ ತುಂಬಿದೆ ಅಂತ ನಾವು ಹೆಂಗೆ ತಿಳ್ಕೊಳ್ಳೋದು?"

"ಮತ್ತೇನಂತ ತಿಳ್ಕೋತೀರಿ? ತುಂಬಿರೋದನ್ನ ತುಂಬಿದೆ ಅನ್ನದೆ ಏನನ್ಲಿ?"

ದಂಡಪಾಣಿಗೆ ಮೊದಲು ನಗು ಬಂತು. ಅವನು ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಅದು ದೊರೈಸಾಮಿಗೆ ಹತ್ತಿತು. ಕಣ್ಣಮ್ಮ ನಗಲಿಲ್ಲ. ಅರಿಶಿನದ ಕೊಂಬನ್ನು ಸೆರಗಿನಲ್ಲಿ ಒರೆಸುತ್ತ ಕುಳಿತಿದ್ದಳು. ಅವಳನ್ನು ನೋಡಿ ನಗು ತಾನಾಗಿ ನಿಂತಿತು.

"ಅವತ್ತು ಸಂಜೆ ವಂಡಿ ನಿಲ್ಸಿ ಬಂದ" ಎಂದಳು. "ಎಣ್ಣೆ ಖಾಲಿ ಅವ್ವಾ, ನಾಳೆ ತರ್ತೀನಿ ಅಂದ. ಮಿಲ್ಲಿಗೆ ಹೋಗಿ ಕಲ್ತ ಮಾತು. ದೀಪ ಹಚ್ಚೋ ಹೊತ್ನಲ್ಲಿ ಖಾಲಿ ಅನ್ಬೇಡ, ತುಂಬಿದೆ ಅನ್ನೋ ಅಂದೆ. ನಕ್ಕ. ಮೋಟಾರಿಗೆ ಅದೆಲ್ಲ ಗೊತ್ತಾಗಲ್ಲ ಅವ್ವಾ ಅಂದ. ಆ ರಾತ್ರೀನೇ ಶುರುವಾಯ್ತು ಅವನಿಗೆ. ನಾಳೆ ಆಗ್ಲೇ ಇಲ್ಲ."

ಅವಳು ಮೊರದ ಅಂಚನ್ನು ಸರಿಮಾಡಿದಳು.

"ಬರಿ ಪಾತ್ರೆ ಮುಚ್ಚಿ ಇಡ್ಬಾರ್ದು. ಅದಕ್ಕೇ ಆಯುಧಪೂಜೆಗೆ, ನೀವೆಲ್ಲಾ ಊಟಕ್ಕೆ ಕೂತ ಮೇಲೆ, ಒಂದು ಹಿಡಿ ಹಾಕ್ತಿದ್ದೆ. ವರ್ಷವರ್ಷವೂ."

ರಾಮಾತಾಳ್ ಅತ್ತೆಯ ಪಕ್ಕ ಕುಳಿತಳು. ಮೊರದಿಂದ ಒಂದು ಹುಳವನ್ನು ಆರಿಸಿ ಎಸೆದಳು. ಅಕ್ಕಿ ಕಂಡರೆ ಕೈ ಮಾಡುವ ಕೆಲಸ ಅದು. ಆಮೇಲೆ ತಲೆ ಎತ್ತಿ ಓರಗಿತ್ತಿಯನ್ನು ನೋಡಿದಳು.

"ಏನಕ್ಕಾ? ಹಿಟ್ಟು ಯಾರದು ಈಗ?" ಎಂದಳು ಜಾನಕಿಯಮ್ಮ ಸಟ್ಟುಗ ತೋರಿಸುತ್ತ.

"ನನ್ ಬುದ್ಧಿ ತುಂಬಿತ್ತು ಕಣೇ ಜಾನಕಿ."

ಜಾನಕಿಯಮ್ಮ ತುಟಿ ಕಚ್ಚಿದಳು. "ತುಂಬಿತ್ತಾ? ತುಳುಕ್ತಿತ್ತು!" ಎಂದು ಒಳಗೆ ಓಡಿದಳು. ಕಜ್ಜಾಯ ಸೀಯುವ ವಾಸನೆ ಬರುತ್ತಿತ್ತು.

ಟ್ಯಾಂಕನ್ನು ಸೀಮೆಎಣ್ಣೆಯಲ್ಲಿ ಎರಡು ಸಲ ಜಾಲಿಸಿ, ಒಣಗಿಸಿ, ತಿರುಗಿ ಕೂರಿಸಿದರು. ಕಣ್ಣಮ್ಮ ಅಲ್ಲೇ ನಿಂತಿದ್ದಳು. ತೆರೆದ ಬಾಯನ್ನೇ ನೋಡುತ್ತಿದ್ದಳು. ರಾಮಾತಾಳ್ ಪೆಟ್ರೋಲಿನ ಡಬ್ಬವನ್ನೂ, ಆಲಿಕೆಗೆ ಕಟ್ಟಿದ ತೆಳು ಬಟ್ಟೆಯನ್ನೂ ಅವಳ ಮುಂದೆ ಹಿಡಿದಳು.

"ನೀವೇ ತುಂಬಿ ಅತ್ತೆ."

"ನಾನಾ?"

"ನಿಮ್ ಕೈಯೇ ತಾನೇ ಇಷ್ಟು ದಿನ ತುಂಬಿದ್ದು."

ಆಲಿಕೆಯ ಬಾಯಿ ಸರಿಯಾಗಿ ಕಾಣದೆ ಕಣ್ಣಮ್ಮ ಸ್ವಲ್ಪ ಹೊರಗೆ ಚೆಲ್ಲಿದಳು. ಡಬ್ಬ ಮುಗಿಯುವವರೆಗೂ ಸುರಿದಳು. ದೊಡ್ಡ ಟ್ಯಾಂಕಿನ ತಳದಲ್ಲಿ ಅದು ಎಲ್ಲಿ ಕಾಣಬೇಕು? "ಇಷ್ಟೇನಾ?" ಎಂದಳು.

"ಪೋದುಂ ಅತ್ತೆ, ಕೋಯಮತ್ತೂರಿಗೆ ಸಾಕು" ಎಂದ ದಂಡಪಾಣಿ. ಅಲ್ಲಿಂದ ವಂಡಿಯನ್ನು ಬಸ್ಸಿನ ಮೇಲೆ ಹೇರಿ ಒಯ್ದು, ವೆಳ್ಳಕೋಯಿಲ್‌ನ ಬಸ್ಸಿನ ಶೆಡ್ಡಿನಲ್ಲಿ ಇಟ್ಟುಕೊಳ್ಳುವುದೆಂದು ಮಾತಾಗಿತ್ತು.

ಮೂರನೆಯ ಒದೆತಕ್ಕೆ ಹಿಡಿಯಿತು. ಈ ಸಲ ಕೆಮ್ಮಲಿಲ್ಲ. ಅಟ್ಟದ ಮೇಲಿಂದ ಎಂಟು ವರ್ಷದ ಧೂಳು ಉದುರಿತು, ಕಟ್ಟಿಟ್ಟಿದ್ದ ಮಗ್ಗದ ಮರಗಳು ಗಡಗಡ ಎಂದವು. ಸುಟ್ಟ ಹರಳೆಣ್ಣೆಯ ಹೊಗೆಯಲ್ಲಿ ಯಾರ ಮುಖವೂ ಯಾರಿಗೂ ಕಾಣಲಿಲ್ಲ. ಹೊಸ್ತಿಲಿಗೆ ಹಲಗೆ ಇಟ್ಟಿದ್ದ ದೊರೈಸಾಮಿ, "ಬಾ ಮಾಪ್ಳೆ, ಬಾ ಬಾ, ಎಡಕ್ಕೆ!" ಎಂದು ಕೂಗುತ್ತಿದ್ದ. ದಂಡಪಾಣಿ ವಂಡಿಯ ಮೇಲೆ ಕುಳಿತು ಎರಡು ಕಾಲನ್ನೂ ನೆಲಕ್ಕೆ ತಾಗಿಸುತ್ತ, ಬಾಗಿಲು ದಾಟಿ, ಇದ್ದಿಲಿನ ಗೆರೆ ಎಳೆದಿದ್ದ ಜಗುಲಿಯನ್ನು ದಾಟಿ, ಬೀದಿಗೆ ಇಳಿದ. ಯಾರೂ ತಳ್ಳಲಿಲ್ಲ.

ಬೀದಿಯವರೆಲ್ಲ ಹೊರಗೆ ಬಂದಿದ್ದರು. ನೂಲು ತುಂಬಿದ ಟೈರು ಎತ್ತಿನಂತೆ ಕುಪ್ಪಳಿಸುತ್ತ ಹೋಯಿತು. ಕಣ್ಣಮ್ಮ ಜಗುಲಿಯ ಕಂಬ ಹಿಡಿದು ನಿಂತಳು. ಕಣ್ಣಿಗೆ ದೂರ ಕಾಣದು, ಕಿವಿಯಲ್ಲೇ ಹಿಂಬಾಲಿಸುತ್ತಿದ್ದಳು. ಸದ್ದು ಬೀದಿಯ ತಿರುವು ದಾಟಿತು. ಮೇಟ್ಟುಪಾಳೆಯದ ರಸ್ತೆಗೆ ಹತ್ತಿತು. ಸಣ್ಣದಾಯಿತು. ಇನ್ನೂ ಸಣ್ಣದಾಗಬೇಕಿದ್ದ ಹೊತ್ತಿಗೆ ಥಟ್ಟನೆ ನಿಂತಿತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ತುಂಬಿರ್ಬೇಕು" ಎಂದಳು ಕಣ್ಣಮ್ಮ.

ದೊರೈಸಾಮಿ ಪಂಚೆ ಎತ್ತಿ ಕಟ್ಟಿಕೊಂಡು ಆ ಕಡೆ ಓಡಿದ. ಪೆಟ್ರೋಲು ತುಂಬಿರಲಿಲ್ಲ, ಪ್ಲಗ್ಗಿನ ತಂತಿ ಕಳಚಿತ್ತು ಎಂದು ಅವನು ಹೇಳಿದ್ದು ಸಂಜೆ. ಕೋಯಮತ್ತೂರಿನವರೆಗೆ ವಂಡಿಯ ಹಿಂದೆ ಕೂತು ಹೋಗಿ, ನಡೆದು ವಾಪಸು ಬಂದಿದ್ದ. ಹುಬ್ಬಿನವರೆಗೆ ಮಸಿ. ಕಜ್ಜಾಯ ತಿನ್ನುತ್ತ ಅತ್ತಿಗೆಯನ್ನು ನೋಡಿ ಹೇಳಿದ: "ನಂಜಪ್ಪನಿಗೆ ಹೇಳ್ಬಿಟ್ಟೆ. ನಾಳೆ ಮಗ್ಗ ಇಳಿಸೋಣ ಅತ್ತಿಗೆ."

ಭಾನುವಾರ ಹಲಗೆ ತೆಗೆದರು. ರಾಮಾತಾಳ್ ಗುಂಡಿಗೆ ಇಳಿದು ಅಂಚಿನ ಮೇಲೆ ಕುಳಿತಳು. ಲಿಂಗಪ್ಪನ್ ಉದ್ದನೆಯ ಆಳು, ಗುಂಡಿಯನ್ನು ತನ್ನ ಕಾಲಿಗೆ ತೋಡಿಕೊಂಡಿದ್ದ. ಅವಳ ಪಾದ ತುಳಿಹಲಗೆಗೆ ಎಟುಕದೆ ಗಾಳಿಯಲ್ಲಿ ತೂಗಾಡಿತು.

"ಹಿಂಗೆ ಆಗ್ತದೆ ಅಂತ ನಂಗೊತ್ತಿತ್ತು" ಎಂದಳು ಜಾನಕಿಯಮ್ಮ. ಆದರೆ ಮಣ್ಣಿನ ಪುಟ್ಟಿ ಮೊದಲು ತಂದವಳೂ ಅವಳೇ. ಗುಂಡಿಯ ತಳವನ್ನು ಏರಿಸಿ, ತುಳಿಹಲಗೆಗಳನ್ನು ಮೇಲೆ ಕಟ್ಟಬೇಕಾಯಿತು. ಮಣ್ಣು ಹಾಕುವ ಮೊದಲು ಕಣ್ಣಮ್ಮ ಮೊರ ತಂದಳು. ಪೆಟ್ರೋಲು ನಾರುವ ಆ ಅಕ್ಕಿಯನ್ನು ಕೋಳಿಗಳೂ ಮುಟ್ಟಿರಲಿಲ್ಲ. ಅದನ್ನೂ ಅರಿಶಿನದ ಕೊಂಬನ್ನೂ ಗುಂಡಿಯ ತಳಕ್ಕೆ ಸುರಿದು, "ಇದೂ ಬರಿದಾಗಿರ್ಬಾರ್ದು" ಎಂದಳು. ಅದರ ಮೇಲೆ ಮಣ್ಣು ಬಿತ್ತು. ದೊರೈಸಾಮಿ ತುಳಿದು ಗಟ್ಟಿ ಮಾಡಿದ.

ಹಾಸು ಕಟ್ಟಿ ಮುಗಿಯುವ ಹೊತ್ತಿಗೆ ಗುರುವಾರವಾಯಿತು. ಮೊದಲ ದಿನ ರಾಮಾತಾಳ್ ನಿಧಾನವಾಗಿ ನೇಯ್ದಳು. ಎಳೆಗಳು ಕಡಿದವು, ಕಟ್ಟಿದಳು. ಪಕ್ಕದ ಮಗ್ಗದಲ್ಲಿ ಮೈದುನನ ಲಾಳಿ ಎರಡು ಸಲ ಹೋಗಿ ಬರುವಷ್ಟರಲ್ಲಿ ಇವಳದು ಒಂದು ಸಲ ಹೋಗುತ್ತಿತ್ತು. ಮಧ್ಯಾಹ್ನದ ಮೇಲೆ ಕಾಲಿಗೂ ಕೈಗೂ ಹಳೆಯ ಪರಿಚಯ ಬಂತು. ಬೆರಳು ನಾಲ್ಕರಷ್ಟು ಕರೇ ಅಂಚು ಮೂಡಿತು. ಲಾಳಿಯೊಳಗಿನ ನೂಲು ತೀರಿತು. ಅವಳು ಅಭ್ಯಾಸದಂತೆ ಪಕ್ಕದ ಬುಟ್ಟಿಗೆ ಕೈ ಹಾಕಿದಳು.

"ಜಾನಕೀ!" ಎಂದು ಕೂಗಿದಳು. "ಕಂಡಿಕೆ ತುಂಬಿದೆ!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಜಾನಕಿಯಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಯಾವ ತುಂಬಿದೆ ಅಕ್ಕಾ? ನಿಂದಾ, ಅತ್ತೇದಾ?"

ಕಣ್ಣಮ್ಮ ಮಂಚದ ಮೇಲಿಂದ ತಲೆ ಎತ್ತಿದಳು. ದೊರೈಸಾಮಿಯ ಲಾಳಿಯೂ ನಿಂತಿತು.

"ಬಂದು ನೋಡು" ಎಂದಳು ರಾಮಾತಾಳ್.

ಜಾನಕಿಯಮ್ಮ ಬಂದು ನೋಡಿದಳು. ಬುಟ್ಟಿಯನ್ನು ಬೋರಲು ಹಾಕಿ ಒಮ್ಮೆ ತಟ್ಟಿದಳು. ಏನೂ ಬೀಳಲಿಲ್ಲ. ಗೊಣಗುತ್ತ ಮೂಲೆಗೆ ಹೋಗಿ, ರಾಟೆಯನ್ನು ತನ್ನ ಮುಂದೆ ಎಳೆದುಕೊಂಡು ಕುಳಿತಳು.